ಕಸಿದುಕೊಂಡದ್ದು ಕಾಣಿಕೆಯಲ್ಲ: ನೊವಿಶಿಯೇಟಿನಲ್ಲಿ ಕಲಿತ ಪಾಠಗಳು

ಮಲೆನಾಡಿನ ಹಳ್ಳಿಗಳಲ್ಲಿ ಔಷಧಾಲಯ ನೋಡಿಕೊಂಡಿದ್ದ ನನ್ನನ್ನು ನಮ್ಮ ಸಭೆಯ ಹಿರಿಯರು ಮಠಕ್ಕೆ ಹೊಸದಾಗಿ ಸೇರುವ ಹುಡುಗಿಯರ ತರಬೇತಿಗೆ ಕರೆಸಿಕೊಂಡರು. ಆಯುಸ್ಸಿನ ಬಹುಪಾಲು ಅಲ್ಲೇ ಕಳೆಯಿತು. ಧರ್ಮಭಗಿನಿಯಾಗುವುದೆಂದರೆ ಒಂದು ದಿನ ಮನೆ ಬಿಟ್ಟು ಬಂದು ಉಡುಪು ತೊಟ್ಟುಬಿಡುವುದು ಎಂದು ತಿಳಿದವರು ಈಗಲೂ ಇದ್ದಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯನ್ನು ತೆರೆದು ನೋಡಿದರೆ ದಾರಿ ಎಷ್ಟು ಉದ್ದವಿದೆ ಎಂದು ತಿಳಿಯುತ್ತದೆ. ಹದಿನೇಳು ತುಂಬದವರನ್ನು ನೊವಿಶಿಯೇಟಿಗೆ, ಅಂದರೆ ವ್ರತಕ್ಕೆ ಮೊದಲಿನ ತರಬೇತಿಗೆ, ಸೇರಿಸಿಕೊಳ್ಳುವಂತಿಲ್ಲ. ನೊವಿಶಿಯೇಟ್ ಕನಿಷ್ಠ 12 ತಿಂಗಳು ನಡೆಯಬೇಕು. ಆಮೇಲೆ ತಾತ್ಕಾಲಿಕ ವ್ರತಗಳು, ಅವು ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಸಾಮಾನ್ಯವಾಗಿ ಆರು ವರ್ಷದವರೆಗೆ. 21 ತುಂಬದೆ ಬಾಳಿಡೀ ಪಾಲಿಸುವ ನಿತ್ಯವ್ರತವಿಲ್ಲ. ಇಷ್ಟು ಕಾಲ ಯಾತಕ್ಕೆ ಎಂದು ಹುಡುಗಿಯರು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೂ ಅವರಿಂದ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

1. ಕರೆಯನ್ನು ಗುರುತಿಸಲು ಕಾಲ ಬೇಕು

ನನ್ನ ಬಳಿ ಬಂದ ಹುಡುಗಿಯರಲ್ಲಿ ಹೆಚ್ಚಿನವರಿಗೆ ದರ್ಶನವಾಗಿರಲಿಲ್ಲ, ಧ್ವನಿಯೂ ಕೇಳಿಸಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳಿದ ಸಿಸ್ಟರ್ ಮೇಲಿನ ಅಕ್ಕರೆ, ಹಾಸಿಗೆ ಹಿಡಿದ ಅಜ್ಜಿಯ ಮೈ ಒರೆಸುವಾಗ ಸಿಕ್ಕ ಸಮಾಧಾನ, ಧ್ಯಾನಕೂಟದ ಕೊನೆಯ ದಿನ ಉಕ್ಕಿ ಬಂದ ಅಳು, ಇಂಥವೇ ಅವರನ್ನು ಕರೆತಂದಿರುತ್ತವೆ. ಇವು ಯಾವುವೂ ಸುಳ್ಳಲ್ಲ. ದೇವರು ಮನುಷ್ಯರ ಮೂಲಕವೇ ಕರೆಯುತ್ತಾನೆ. ಆದರೆ ಅಳು ಆರಿದ ಮೇಲೂ ಮನಸ್ಸು ಅತ್ತಲೇ ವಾಲುತ್ತಿದೆಯೇ ಎಂದು ನೋಡಬೇಕು.

1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಕಾಲಿಗೆ ಫಿರಂಗಿ ಗುಂಡಿನ ಏಟು ತಿಂದು ಮನೆಯಲ್ಲಿ ಮಲಗಿದ್ದ ಇಗ್ನೇಷಿಯಸ್ ಲೊಯೋಲಾ ಇದನ್ನು ತನ್ನ ಮೇಲೆಯೇ ಪರೀಕ್ಷಿಸಿ ನೋಡಿದವರು. ವೀರರಂತೆ ಹೆಸರು ಮಾಡುವ, ರಾಜವಂಶದ ಹೆಣ್ಣನ್ನು ಮೆಚ್ಚಿಸುವ ಕನಸು ಕಾಣುವಾಗ ಸುಖವಾಗುತ್ತಿತ್ತು, ಆಮೇಲೆ ಮನಸ್ಸು ಒಣಗಿಹೋಗುತ್ತಿತ್ತು. ಸಂತರಂತೆ ಬದುಕುವ ಯೋಚನೆ ಬಂದಾಗಲೂ ಸುಖವಾಗುತ್ತಿತ್ತು, ಆದರೆ ಆ ಸುಖ ಯೋಚನೆ ಮುಗಿದ ಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸುವುದರಿಂದಲೇ ಅವರ ವಿವೇಚನೆಯ ಕ್ರಮವೆಲ್ಲ ಬೆಳೆಯಿತು. ಮಠಕ್ಕೆ ಬರುತ್ತೇನೆಂದು ಅಳುತ್ತಾ ನಿಂತವಳಿಗೆ ನಾನು ಮನೆಗೆ ಹೋಗು ಎನ್ನುತ್ತೇನೆ. ಪರೀಕ್ಷೆ ಬರೆ, ಅಕ್ಕನ ಮದುವೆಯಲ್ಲಿ ಓಡಾಡು, ಸುಗ್ಗಿ ಮುಗಿಸು, ಆಮೇಲೆ ಬಾ. ಹಾಗೆ ಹೋಗಿ ಮರಳಿ ಬಂದವಳ ಮಾತಿನಲ್ಲಿ ಒಂದು ನೆಮ್ಮದಿ ಇರುತ್ತದೆ.

2. ತಾಯಿಯ ಹರಕೆ ಮಗಳ ಕರೆಯಾಗಲಾರದು

"ಇವಳು ಹುಟ್ಟುವಾಗ ಬಹಳ ಕಷ್ಟವಾಯಿತು ಸಿಸ್ಟರಮ್ಮ, ಬದುಕಿದರೆ ದೇವರಿಗೇ ಬಿಡುತ್ತೇನೆ ಅಂತ ಮಾತೆ ಮರಿಯಮ್ಮನಿಗೆ ಹೇಳಿಕೊಂಡಿದ್ದೆ." ಇಂಥ ತಾಯಂದಿರ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೂ ಅವರ ಎದುರಿಗೇ ಹೇಳುತ್ತೇನೆ: ಹರಕೆ ನಿಮ್ಮದು, ಅದನ್ನು ತೀರಿಸಬೇಕಾದವರೂ ನೀವೇ. ಇನ್ನೊಬ್ಬರ ಬಾಳನ್ನು ನಾವು ಅರ್ಪಿಸಲಾಗದು.

ಬಲವಂತ, ಭಾರಿ ಹೆದರಿಕೆ ಅಥವಾ ಮೋಸದಿಂದಾದ ಪ್ರವೇಶವೂ ವ್ರತವೂ ಅಸಿಂಧು ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಆದರೆ ನಮ್ಮ ಮನೆಗಳಲ್ಲಿ ಬಲವಂತ ಬೆತ್ತ ಹಿಡಿದು ಬರುವುದಿಲ್ಲ. "ಅಪ್ಪನಿಗೆ ಎಷ್ಟು ಸಂತೋಷವಾಗಿದೆ ನೋಡು" ಎಂಬ ಒಂದು ಮಾತು ಸಾಕು, ಹುಡುಗಿ ಬಾಯಿ ಬಿಡುವುದಿಲ್ಲ. ಬಡತನವೂ ಸುಮ್ಮನಿದ್ದುಕೊಂಡೇ ತಳ್ಳುತ್ತದೆ. ಕಾಫಿ ತೋಟದ ಲೈನ್ ಮನೆಯಲ್ಲಿ ಮೂವರು ತಂಗಿಯರೊಂದಿಗೆ ಬೆಳೆದವಳಿಗೆ ಮಠವೆಂದರೆ ಓದು, ಊಟ, ಮರ್ಯಾದೆ. ವರದಕ್ಷಿಣೆಯ ಚಿಂತೆಯೂ ಇಲ್ಲ. ಅದಕ್ಕಾಗಿ ಅವಳನ್ನು ಹೀನಾಯವಾಗಿ ಕಾಣುವವರನ್ನು ನಾನು ಸಹಿಸುವುದಿಲ್ಲ. ಆದರೆ ಬೇರೆ ದಾರಿಯೇ ಇಲ್ಲದವಳು ಈ ದಾರಿ ಹಿಡಿದರೆ ಅದನ್ನು ಆಯ್ಕೆ ಎನ್ನಲಾಗದು. ಆದ್ದರಿಂದ ಮೊದಲು ಅವಳ ಓದು ಮುಗಿಯಲಿ, ಕೈಗೊಂದು ಕಸುಬು ಬರಲಿ ಎಂದು ಹಟ ಹಿಡಿಯುತ್ತೇನೆ. ಆಮೇಲೆ ಒಬ್ಬಳನ್ನೇ ಕೂರಿಸಿಕೊಂಡು ಕೇಳುತ್ತೇನೆ: "ನಾಳೆ ನಿನಗೆ ನೌಕರಿ ಸಿಕ್ಕಿತು, ಒಳ್ಳೆಯ ಹುಡುಗನೂ ಸಿಕ್ಕಿದ, ಮನೆಯವರೆಲ್ಲ ಒಪ್ಪಿದರು ಅಂತಿಟ್ಟುಕೋ. ಆಗಲೂ ಬರುತ್ತೀಯಾ?" ತಡವರಿಸಿದರೂ ಪರವಾಗಿಲ್ಲ. ತಡವರಿಸುವವಳು ಯೋಚಿಸುತ್ತಿದ್ದಾಳೆ.

ನಜರೇತಿನ ಮರಿಯಳೂ ದೂತನ ಮಾತು ಕೇಳಿ ಕೂಡಲೇ ತಲೆಯಾಡಿಸಲಿಲ್ಲ. ಕಳವಳಪಟ್ಟಳು, ಯೋಚಿಸಿದಳು, ಇದು ಹೇಗಾದೀತು ಎಂದು ಕೇಳಿದಳು. ದೂತ ಉತ್ತರ ಹೇಳಿದ. ಒಪ್ಪಿಗೆ ಬಂದದ್ದು ಅದರ ನಂತರ. ಲೂಕನು ಬರೆದ ಈ ಕ್ರಮವನ್ನು ನಾನು ಪ್ರತಿ ತಂಡಕ್ಕೂ ನಿಧಾನವಾಗಿ ಓದಿಸುತ್ತೇನೆ.

3. ಎಲ್ಲದಕ್ಕೂ ಹೂಂಗುಟ್ಟುವವಳ ಬಗ್ಗೆ ಎಚ್ಚರ

ಹೇಳಿದ್ದನ್ನೆಲ್ಲ ಮಾಡುವ, ಎದುರು ಮಾತಾಡದ ನೊವಿಸ್, ಅಂದರೆ ನೊವಿಶಿಯೇಟಿನ ಹುಡುಗಿ, ಎಲ್ಲರಿಗೂ ಅಚ್ಚುಮೆಚ್ಚು. ನನಗೆ ಅವಳ ಬಗ್ಗೆಯೇ ಹೆಚ್ಚು ಚಿಂತೆ. ಮನೆಯಲ್ಲಿ ಉಡುವ ಬಟ್ಟೆಯ ಬಣ್ಣವನ್ನೂ ಬೇರೆಯವರೇ ಆರಿಸುತ್ತಿದ್ದ ಮನೆತನದಿಂದ ಬಂದಿರುತ್ತಾಳೆ. ಅವಳಿಗೆ ತನ್ನ ಇಷ್ಟವೇನೆಂದೇ ಗೊತ್ತಿಲ್ಲ. ತನ್ನದೆಂಬುದೇ ಇಲ್ಲದವಳು ತನ್ನನ್ನು ಅರ್ಪಿಸಿಕೊಳ್ಳುವುದು ಹೇಗೆ? ಅಂಥವಳಿಗೆ ಮೊದಲು ತೀರ್ಮಾನ ಮಾಡುವ ಅಭ್ಯಾಸವಾಗಬೇಕು. ತೋಟದಲ್ಲಿ ಏನು ಬೆಳೆಯಬೇಕು, ಹಬ್ಬಕ್ಕೆ ಯಾವ ಹಾಡು, ಯಾವ ಪುಸ್ತಕ ಓದಬೇಕು ಎಂಬುದನ್ನು ಅವಳಿಗೇ ಬಿಡುತ್ತೇನೆ. ಅವಳು ಮೊದಲ ಸಲ "ಇಲ್ಲ ಸಿಸ್ಟರ್, ನನಗೆ ಹಾಗನ್ನಿಸುವುದಿಲ್ಲ" ಎಂದ ದಿನ ನನಗೆ ಹಬ್ಬ.

4. ಸಂಬಳದ ಪ್ರಶ್ನೆಗೆ ನಾಚಬಾರದು

"ನಿಮ್ಮ ಸಂಬಳ ಏನು ಮಾಡುತ್ತೀರಿ?" ಎಂದು ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಕೇಳಲಿ. ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿಯುವ ಸಿಸ್ಟರ್ ಸಂಬಳ ಸಭೆಯ ಸಾಮಾನ್ಯ ನಿಧಿಗೆ ಹೋಗುತ್ತದೆ. ಅವಳ ಸೋಪು, ಚಪ್ಪಲಿ, ಔಷಧಿ, ಊರಿಗೆ ಹೋಗುವ ಬಸ್ ಖರ್ಚು ಅಲ್ಲಿಂದ ಬರುತ್ತದೆ. ಪ್ರಥಮ ವ್ರತಕ್ಕೆ ಮೊದಲು ತನ್ನ ಹೆಸರಿನ ಆಸ್ತಿಯ ಆಡಳಿತವನ್ನು ಬೇರೆಯವರಿಗೆ ವಹಿಸಬೇಕು, ನಿತ್ಯವ್ರತಕ್ಕೆ ಮೊದಲು ಸರ್ಕಾರಿ ಕಾನೂನಿಗೂ ಸಲ್ಲುವಂಥ ಉಯಿಲು ಬರೆಯಬೇಕು. ಆದರೂ ದೇಶದ ಲೆಕ್ಕದಲ್ಲಿ ನಾವು ಪ್ರಜೆಗಳೇ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಧರ್ಮಭಗಿನಿಯರ ಮತ್ತು ಧರ್ಮಗುರುಗಳ ಸಂಬಳದಿಂದ ಆದಾಯ ತೆರಿಗೆ ಮುರಿದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಹಣ ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂಬ ವಾದ ನಿಲ್ಲಲಿಲ್ಲ. ನನಗೆ ಅದು ನ್ಯಾಯವೆಂದೇ ಕಂಡಿತು. ವ್ರತ ನಾವು ದೇವರಿಗೆ ಮಾಡಿದ್ದು, ಅದರ ಹೊರೆಯನ್ನು ನೆರೆಯವರ ಮೇಲೆ ಹಾಕಬಾರದು.

ಬಡತನದ ವ್ರತ ನಿಜಕ್ಕೂ ನೋಯಿಸುವುದು ಬೇರೆ ಕಡೆ. ಅಮ್ಮನಿಗೆ ಆಪರೇಷನ್ ಆಗಬೇಕು, ತಮ್ಮ ಫೋನಿನಲ್ಲಿ ಅಳುತ್ತಾನೆ. ತಿಂಗಳಿಡೀ ದುಡಿಯುವ ಮಗಳ ಕೈಯಲ್ಲಿ ಹಣವಿಲ್ಲ. ಆ ರಾತ್ರಿ ಅವಳಿಗೆ ಉಪದೇಶ ಹೇಳಲು ಹೋಗಬೇಡಿ ಎಂದು ಹೊಸ ತರಬೇತುದಾರರಿಗೆ ಹೇಳುತ್ತೇನೆ. ಅಂಥ ಹೊತ್ತಿನಲ್ಲಿ ಮನೆಯವರ ಕೈ ಹಿಡಿಯಲು ಸಭೆ ಮೊದಲೇ ಒಂದು ವ್ಯವಸ್ಥೆ ಮಾಡಿರಬೇಕು, ಅದು ಎಲ್ಲ ಸಿಸ್ಟರುಗಳಿಗೂ ಒಂದೇ ರೀತಿ ಇರಬೇಕು. ಮಗಳು ತನ್ನನ್ನು ಅರ್ಪಿಸಿಕೊಂಡದ್ದರ ಬೆಲೆಯನ್ನು ತಾಯಿ ತೆರಬೇಕಾಗಿ ಬರಬಾರದು.

5. ಆತ್ಮಾರ್ಪಣೆ ಅಡುಗೆಮನೆಯಲ್ಲಿ ಕಾಣಿಸುತ್ತದೆ

ಹುಡುಗಿಯರನ್ನು ದೊಡ್ಡ ಕಥೆಗಳು ಸೆಳೆಯುತ್ತವೆ. 1873ರಲ್ಲಿ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನಡುವೆ ನೆಲೆಸಿ, ಅದೇ ರೋಗ ತಗುಲಿ 1889ರಲ್ಲಿ ತೀರಿಕೊಂಡ ದಾಮಿಯನ್. 1941ರಲ್ಲಿ ಆಶ್ವಿಟ್ಜ್ ಸೆರೆಯಲ್ಲಿ ಹೆಂಡತಿ ಮಕ್ಕಳಿದ್ದ ಒಬ್ಬ ಕೈದಿಯ ಬದಲು ತಾನು ಸಾವಿಗೆ ಹೋದ ಮ್ಯಾಕ್ಸಿಮಿಲಿಯನ್ ಕೋಲ್ಬೆ. ಈ ಕಥೆಗಳನ್ನು ನಾನೂ ಹೇಳುತ್ತೇನೆ. ಹೇಳಿ, ಒಂದು ಪ್ರಶ್ನೆ ಕೇಳುತ್ತೇನೆ: ಆ ಒಂದು ಕ್ಷಣದಲ್ಲಿ ಮುಂದೆ ಹೆಜ್ಜೆ ಇಡುವ ಶಕ್ತಿ ಕೋಲ್ಬೆಯವರಿಗೆ ಆ ಕ್ಷಣದಲ್ಲೇ ಬಂದಿತೇ?

ನಮ್ಮ ಮಠಗಳಲ್ಲಿ ಕನ್ನಡದವರು, ಕೊಂಕಣಿಯವರು, ತಮಿಳರು, ಮಲಯಾಳಿಗಳು ಒಂದೇ ಮೇಜಿಗೆ ಕೂರುತ್ತಾರೆ. ಒಬ್ಬಳಿಗೆ ಮೀನಿಲ್ಲದೆ ಊಟ ಸೇರದು, ಇನ್ನೊಬ್ಬಳಿಗೆ ಮುದ್ದೆ ಬೇಕು. ಒಬ್ಬಳು ಪ್ರಾರ್ಥನೆಯ ನಡುವೆ ಗಂಟಲು ಸರಿಮಾಡಿಕೊಳ್ಳುತ್ತಲೇ ಇರುತ್ತಾಳೆ. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಬರೆದ ಮಠದ ನಿಯಮದಲ್ಲಿ ಅಡುಗೆಮನೆಯ ವಾರದ ಸರದಿಗೇ ಒಂದು ಅಧ್ಯಾಯವಿದೆ, ಮಠದ ಪಾತ್ರೆ ಪರಿಕರಗಳನ್ನು ಪೂಜಾಪೀಠದ ಪಾತ್ರೆಗಳಂತೆ ಕಾಣಬೇಕೆಂಬ ಮಾತೂ ಇದೆ. ಲಿಸಿಯೂದ ಸಂತ ತೆರೇಸಾ ಹದಿನೈದರಲ್ಲಿ ಕಾರ್ಮೆಲ್ ಮಠ ಸೇರಿ 1897ರಲ್ಲಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಮಠದ ಗೋಡೆ ದಾಟಿ ಅವರು ಯಾವ ಸೇವೆಗೂ ಹೋಗಲಿಲ್ಲ. ತನಗೆ ಸ್ವಲ್ಪವೂ ಸೇರದ ಒಬ್ಬ ಸಿಸ್ಟರ್ ಎದುರಾದಾಗಲೆಲ್ಲ ನಗುಮೊಗದಿಂದ ನಡೆದುಕೊಂಡರು, ನನ್ನಲ್ಲಿ ನಿನಗೆ ಏನು ಇಷ್ಟವೆಂದು ಆ ಸಿಸ್ಟರೇ ಕೇಳುವಷ್ಟರ ಮಟ್ಟಿಗೆ. ಧರ್ಮಸಭೆ 1927ರಲ್ಲಿ ಅವರನ್ನು ಧರ್ಮಪ್ರಚಾರ ಕ್ಷೇತ್ರಗಳ ಪಾಲಕಿಯೆಂದು ಸಾರಿತು.

ನನ್ನ ಪಾಲಿಗೆ ನೊವಿಶಿಯೇಟಿನ ದೊಡ್ಡ ಪರೀಕ್ಷೆ ಇಲ್ಲಿದೆ. ನಡುರಾತ್ರಿ ಮುಪ್ಪಿನ ಸಿಸ್ಟರ್ ಗಂಟೆ ಬಾರಿಸಿದಾಗ ಯಾರು ಏಳುತ್ತಾರೆ? ಎದ್ದದ್ದನ್ನು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಯಾರು ಹೇಳಿಕೊಳ್ಳುವುದಿಲ್ಲ? ಎರಡನೆಯ ಪ್ರಶ್ನೆಯೇ ಹೆಚ್ಚು ಕಠಿಣ.

6. ವಿಧೇಯತೆಯ ಹೆಸರಿನಲ್ಲಿ ಏನನ್ನು ಕೇಳಬಾರದು

ಇದನ್ನು ಬರೆಯದೆ ಬೇರೆ ಏನು ಬರೆದರೂ ವ್ಯರ್ಥ. ತನ್ನನ್ನು ಕೊಟ್ಟುಕೊಳ್ಳಲು ಸಿದ್ಧಳಾದ ಹುಡುಗಿಯನ್ನು ದುರುಪಯೋಗ ಮಾಡಿಕೊಳ್ಳುವುದು ಬಹಳ ಸುಲಭ. ಅದಕ್ಕೆ ಬಳಸುವ ಮಾತುಗಳೆಲ್ಲ ಪವಿತ್ರ ಮಾತುಗಳೇ: ತ್ಯಾಗ, ಶಿಲುಬೆ, ದೀನತೆ, ವಿಧೇಯತೆ. ಗುರುಗಳಿಂದ, ಧರ್ಮಾಧ್ಯಕ್ಷರಿಂದಲೂ ಧರ್ಮಭಗಿನಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಪೋಪ್ ಫ್ರಾನ್ಸಿಸ್ 2019ರ ಫೆಬ್ರವರಿಯಲ್ಲಿ ಅಬುಧಾಬಿಯಿಂದ ಮರಳುವ ವಿಮಾನದಲ್ಲಿ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಮುಚ್ಚಿಟ್ಟವರಿಗೆ ಆಮೇಲೆ ನೆಪವುಳಿಯಲಿಲ್ಲ.

ದೌರ್ಜನ್ಯ ಯಾವಾಗಲೂ ಅಷ್ಟು ಸ್ಪಷ್ಟ ರೂಪದಲ್ಲಿ ಬರುವುದಿಲ್ಲ. ಒಂದು ಮಠದಲ್ಲಿ ಎಳೆಯ ಸಿಸ್ಟರ್ ಒಬ್ಬಳನ್ನು ಮುಖ್ಯಸ್ಥೆಯ ಬಂಧುಗಳ ಮನೆಗೆಲಸಕ್ಕೆ ಕಳಿಸುತ್ತಿದ್ದರು. ಪ್ರಶ್ನಿಸಿದರೆ, ದೀನತೆ ಕಲಿ ಎಂಬ ಉತ್ತರ. ಅವಳು ಅದನ್ನು ಶಿಲುಬೆಯೆಂದು ಹೊತ್ತುಕೊಂಡಳು. ಅದು ಶಿಲುಬೆಯಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು.

ಹಾಗಾಗಿ ನನ್ನ ನೊವಿಸರಿಗೆ ಕೆಲವು ಮಾತುಗಳನ್ನು ಬಾಯಿಪಾಠ ಮಾಡಿಸುತ್ತೇನೆ. ನಿನ್ನ ಅಂತಃಕರಣವನ್ನು ತೆರೆದು ತೋರಿಸೆಂದು ಯಾವ ಮುಖ್ಯಸ್ಥೆಯೂ ನಿನ್ನನ್ನು ಒತ್ತಾಯಿಸುವಂತಿಲ್ಲ, ಕಾನೂನು ಸಂಹಿತೆಯ 630ನೇ ನಿಯಮ ಅದನ್ನು ತಡೆಯುತ್ತದೆ. ಪಾಪನಿವೇದನೆಗೆ ಯಾವ ಗುರುಗಳ ಬಳಿ ಹೋಗಬೇಕೆಂಬ ಸ್ವಾತಂತ್ರ್ಯ ನಿನ್ನದು. ವಿಧೇಯತೆಯ ವ್ರತ ಸಭೆಯ ಸಂವಿಧಾನದ ಒಳಗೆ ಮಾತ್ರ ಸಲ್ಲುತ್ತದೆ, ಪಾಪಕ್ಕೆ ಅಪ್ಪಣೆ ಕೊಡುವ ಅಧಿಕಾರ ಯಾರಿಗೂ ಇಲ್ಲ. "ಇದನ್ನು ಯಾರಿಗೂ ಹೇಳಬೇಡ" ಎಂದು ಯಾರಾದರೂ ಅಂದರೆ ಆ ದಿನವೇ ಬಂದು ಹೇಳು. ನಾವು ನಡೆಸುವ ಶಾಲೆ, ಆಸ್ಪತ್ರೆಗಳಿಗೂ 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯಿದೆ ಅನ್ವಯಿಸುತ್ತದೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಸಮಿತಿ ಇರಲೇಬೇಕು. ಪೊಲೀಸ್ ಠಾಣೆಗೆ ಹೋಗುವುದು ಧರ್ಮಸಭೆಗೆ ಬಗೆದ ದ್ರೋಹವಲ್ಲ.

ಯೇಸುಸ್ವಾಮಿ ತನ್ನ ಪ್ರಾಣವನ್ನು ತನ್ನಿಂದ ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾನಾಗಿಯೇ ಕೊಡುತ್ತಿದ್ದೇನೆ ಎಂದು ಯೊವಾನ್ನನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಹೇಳುತ್ತಾರೆ. ನಮ್ಮ ವ್ರತಗಳಿಗೆ ಬುಡ ಇದೇ. ಕಸಿದುಕೊಂಡದ್ದನ್ನು ಯಾವ ಪೀಠದ ಮೇಲೆ ಇಟ್ಟರೂ ಅದು ಕಾಣಿಕೆಯಾಗುವುದಿಲ್ಲ.

7. ಪ್ರಾರ್ಥನೆ ಒಣಗಿದಾಗ

ಪ್ರಾರ್ಥನೆ ಒಣಗುವ ಕಾಲ ಎಲ್ಲರಿಗೂ ಬರುತ್ತದೆ. ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಹೊರಬಂದಾಗ ಜಗತ್ತು ಬೆರಗಾಯಿತು. ಕೋಲ್ಕತ್ತದ ಬೀದಿಯಲ್ಲಿ ಸಾಯುವವರನ್ನು ಎತ್ತಿಕೊಂಡ ಆ ತಾಯಿಗೆ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ. ಕತ್ತಲಲ್ಲಿರುವಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂದು ಇಗ್ನೇಷಿಯಸ್ ಕಲಿಸಿದ್ದನ್ನು ನಾನೂ ಕಲಿಸುತ್ತೇನೆ. ಆದರೆ ನಿದ್ದೆ ಬಾರದೆ, ಊಟ ಸೇರದೆ, ಸಾಯಬೇಕೆನ್ನುವ ಹುಡುಗಿಗೆ ಇದು ಆತ್ಮದ ಕತ್ತಲೆ ಎಂದು ಹೇಳಿ ಜಪಸರ ಕೊಡುವುದು ಕ್ರೌರ್ಯ. ಅವಳನ್ನು ಮಾನಸಿಕ ವೈದ್ಯರ ಬಳಿ ಕರೆದೊಯ್ಯಿರಿ, ಅದೇ ವಾರ.

8. ಫಲ ನೋಡುವವರು ನಾವಲ್ಲದಿರಬಹುದು

ಮಂಗಳೂರಿನ ಕಥೆಯನ್ನೇ ತೆಗೆದುಕೊಳ್ಳಿ. ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ 1846ರಲ್ಲಿ ಹುಟ್ಟಿದ ಮರಿಯಂ ಬವಾರ್ದಿ ಅನಾಥೆ, ಮನೆಗೆಲಸ ಮಾಡಿ ಬದುಕಿದವಳು. ಫ್ರಾನ್ಸಿನ ಪೌ ಎಂಬ ಊರಿನ ಕಾರ್ಮೆಲ್ ಮಠದಿಂದ 1870ರಲ್ಲಿ ಮಂಗಳೂರಿಗೆ ಬಂದ ತಂಡದಲ್ಲಿ ಆಕೆಯೂ ಇದ್ದಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೊಟ್ಟಳು. ಮರುವರ್ಷವೇ ಆಕೆಯನ್ನು ತಪ್ಪಾಗಿ ತಿಳಿದು ಪೌಗೆ ವಾಪಸು ಕಳಿಸಿದರು. ಆಕೆ ಕಹಿಯಾಗಲಿಲ್ಲ. ಮುಂದೆ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು ನಿಂತು, 1878ರಲ್ಲಿ ಅಲ್ಲೇ ತೀರಿಕೊಂಡಳು. 2015ರಲ್ಲಿ ಸಂತಳೆಂದು ಘೋಷಣೆಯಾಯಿತು. ಅದೇ 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಎರಡು ವರ್ಷ ಮೊದಲು ಬಯೋನಿನಲ್ಲಿ ಸ್ಥಾಪಿಸಿದವರು ಮದರ್ ವೆರೋನಿಕಾ. ಕರಾವಳಿಯ ಎಷ್ಟೋ ತಲೆಮಾರಿನ ಹೆಣ್ಣುಮಕ್ಕಳು ಆ ಸಭೆಯ ಶಾಲೆಗಳಲ್ಲಿ ಓದಿದರು. ಮದರ್ ವೆರೋನಿಕಾ 1906ರಲ್ಲಿ ಕಣ್ಣು ಮುಚ್ಚಿದ್ದು ಫ್ರಾನ್ಸಿನ ಮಠವೊಂದರ ನಾಲ್ಕು ಗೋಡೆಗಳ ನಡುವೆ.

ನಮ್ಮ ಮುಪ್ಪಿನ ಸಿಸ್ಟರುಗಳನ್ನು ನೋಡುವಾಗ ಇದು ನೆನಪಾಗುತ್ತದೆ. ಜೀವನವಿಡೀ ಪಾಠ ಹೇಳಿದವರು ಈಗ ಕೂತಲ್ಲೇ ಇರುತ್ತಾರೆ, ಯಾರೋ ಊಟ ಮಾಡಿಸುತ್ತಾರೆ. ಕೊಡಲು ಏನೂ ಉಳಿದಿಲ್ಲ ಎಂದು ಅಳುವವರಿದ್ದಾರೆ. ಊಟ ಮಾಡಿಸುವವಳಿಗೆ ಬಾಯಿ ತೆರೆದುಕೊಡುವುದೂ ಅರ್ಪಣೆಯೇ ಎಂದು ನಾನು ನಂಬಿದ್ದೇನೆ.

9. ಕರೆ ಮಠದವರ ಸೊತ್ತಲ್ಲ

ಚಿಕ್ಕದಾಗಿ ಹೇಳುತ್ತೇನೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್‌ನಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತ ಸಂವಿಧಾನ ಮೊದಲು ಎಲ್ಲ ಕ್ರೈಸ್ತರಿಗೂ ಬಂದ ಪಾವಿತ್ರ್ಯದ ಕರೆಯ ಬಗ್ಗೆ ಒಂದು ಅಧ್ಯಾಯ ಬರೆದು, ಆಮೇಲೆ ಧಾರ್ಮಿಕ ಸಭೆಗಳ ಕಡೆ ತಿರುಗುತ್ತದೆ. ಆ ಕ್ರಮ ಸರಿಯಾಗಿದೆ. ಬುದ್ಧಿ ಬೆಳೆಯದ ಮಗನನ್ನು ಅವನ ಮೀಸೆ ಬೆಳೆದ ಮೇಲೂ ಸ್ನಾನ ಮಾಡಿಸುವ ತಂದೆಯೊಬ್ಬರು ನಮ್ಮ ಔಷಧಾಲಯಕ್ಕೆ ಬರುತ್ತಿದ್ದರು. ಆತ್ಮಾರ್ಪಣೆಯ ವಿಷಯದಲ್ಲಿ ನಾನು ಅವರಿಗೆ ಹೇಳಿಕೊಡುವಂಥದ್ದು ಏನೂ ಇರಲಿಲ್ಲ.

10. ಮಠ ಬಿಟ್ಟು ಹೋದವಳು ಸೋತವಳಲ್ಲ

ನೊವಿಸ್ ಯಾವಾಗ ಬೇಕಾದರೂ ಹೊರಟುಹೋಗಬಹುದು, ಯಾರ ಅನುಮತಿಯೂ ಬೇಡ. ತಾತ್ಕಾಲಿಕ ವ್ರತದ ಅವಧಿ ಮುಗಿದವಳೂ ಹೋಗಬಹುದು. ಅಷ್ಟು ವರ್ಷಗಳನ್ನು ಧರ್ಮಸಭೆ ಇಟ್ಟಿರುವುದೇ ಹುಡುಗಿಯೂ ಸಭೆಯೂ ಪರಸ್ಪರ ನೋಡಿ ತಿಳಿಯಲಿ ಎಂದು. ಇದು ನನ್ನ ದಾರಿಯಲ್ಲ ಎಂದು ಪ್ರಾರ್ಥಿಸಿ, ಯೋಚಿಸಿ, ಎದ್ದುಹೋದವಳು ವಿವೇಚನೆಯನ್ನು ಸರಿಯಾಗಿಯೇ ಮಾಡಿದ್ದಾಳೆ. ಅವಳ "ಇಲ್ಲ" ಎಂಬ ಮಾತಿಗೆ ಬೆಲೆ ಇದ್ದರೆ ಮಾತ್ರ ಉಳಿದವಳ "ಹೌದು" ಎಂಬ ಮಾತಿಗೂ ಬೆಲೆ.

ಇದನ್ನು ಮಠದ ಒಳಗಿನವರು ಒಪ್ಪುತ್ತಾರೆ. ಊರು ಒಪ್ಪುವುದಿಲ್ಲ. ಏನೋ ತಪ್ಪು ಮಾಡಿರಬೇಕು ಎಂದು ಪಿಸುಗುಟ್ಟುತ್ತದೆ. ತಂದೆ ತಲೆ ತಗ್ಗಿಸಿ ಓಡಾಡುತ್ತಾನೆ, ಸಂಬಂಧಗಳು ಕುದುರುವುದಿಲ್ಲ, ಅವಳು ಭಾನುವಾರದ ಪೂಜೆಗೆ ಪಕ್ಕದ ಊರಿಗೆ ಹೋಗತೊಡಗುತ್ತಾಳೆ. ಈ ಅವಮಾನಕ್ಕೆ ಹೆದರಿಯೇ ಮನಸ್ಸಿಲ್ಲದೆ ಮಠದಲ್ಲಿ ಉಳಿದು, ತಾವೂ ನರಳಿ ಜೊತೆಯವರನ್ನೂ ನರಳಿಸಿದವರನ್ನು ನಾನು ಕಂಡಿದ್ದೇನೆ. ಬೀದಿಯ ಪಿಸುಮಾತು ಹೀಗೆ ಮಠದ ಒಳಗಿನ ವ್ರತವನ್ನೂ ಕೆಡಿಸುತ್ತದೆ.

ಆದ್ದರಿಂದ ವಿಚಾರಣಾ ಗುರುಗಳಲ್ಲಿ, ಊರಿನ ಅಕ್ಕಂದಿರಲ್ಲಿ, ಮಗಳನ್ನು ಮಠಕ್ಕೆ ಕಳಿಸುವ ತಂದೆತಾಯಿಗಳಲ್ಲಿ ನನ್ನದೊಂದು ಬೇಡಿಕೆ. ಕಳಿಸುವ ದಿನ ಹಾರ ಹಾಕಿ ಮೆರವಣಿಗೆ ಮಾಡುವುದನ್ನು ಬಿಡಿ, ನಿತ್ಯವ್ರತದ ದಿನದವರೆಗೆ ಕಾಯಿರಿ. ಹೊರಡುವಾಗ ಅವಳ ಕಿವಿಯಲ್ಲಿ, ನಿನ್ನ ಕೋಣೆ ಹಾಗೇ ಇರುತ್ತದೆ ಮಗಳೇ ಎಂದು ಹೇಳಿ. ಮರಳಿ ಬಂದರೆ ಕಾರಣ ಕೇಳಬೇಡಿ. ಮುಂದಿನ ಭಾನುವಾರದ ಪೂಜೆಯಲ್ಲಿ ಅವಳನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ.